ಅಹಿಂಸಾಣುವ್ರತ ಮತ್ತು ಯುದ್ಧಕಾಲದ ನಿರಾಯುಧರು

ಶ್ರಾವಕನು ಗುರುಸಾಕ್ಷಿಯಾಗಿ ಸ್ವೀಕರಿಸುವ ಹನ್ನೆರಡು ವ್ರತಗಳಲ್ಲಿ ಅಹಿಂಸಾಣುವ್ರತವೇ ಮೊದಲನೆಯದು. ಹೊಲದ ಬೆಳೆಗೆ ಬೇಲಿಯಿರುವಂತೆ ಉಳಿದ ವ್ರತಗಳು ಇದರ ರಕ್ಷಣೆಗಾಗಿ ಇವೆ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವವರೂ, ನೀರನ್ನು ಸೋಸಿ ಕುಡಿಯುವವರೂ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರೂ ಈ ವ್ರತವನ್ನು ಅಡುಗೆಮನೆಯ ಮಟ್ಟಿಗೆ ಚೆನ್ನಾಗಿ ಬಲ್ಲರು. ಆದರೆ ಎಲ್ಲಿಯಾದರೂ ಯುದ್ಧ ನಡೆದು, ಸೈನಿಕರ ಕೈಯಿಂದ ಶಸ್ತ್ರವಿಲ್ಲದ ಜನ ಹತರಾದ ವಾರ್ತೆ ಬಂದಾಗ ಅದೇ ಮನೆಗಳ ಜಗುಲಿಯ ಮೇಲೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಯುದ್ಧವೆಂದ ಮೇಲೆ ಇದೆಲ್ಲ ನಡೆಯುವುದೇ, ಅದನ್ನು ಎಣಿಸಬಾರದು ಎಂಬುದು ಒಂದು. ಶಸ್ತ್ರ ಹಿಡಿದವರೆಲ್ಲರೂ ಸಮಾನ ಪಾಪಿಗಳು, ಅವರಲ್ಲಿ ಭೇದವೆಣಿಸುವುದೇ ವ್ಯರ್ಥ ಎಂಬುದು ಇನ್ನೊಂದು. ಈ ಎರಡೂ ಮಾತುಗಳು ಆಗಮಸಮ್ಮತವಲ್ಲ. ಇವೆರಡರ ನಡುವೆ ಆಚಾರ್ಯರು ಸ್ಪಷ್ಟವಾದ ಗೆರೆಯೊಂದನ್ನು ಎಳೆದಿದ್ದಾರೆ. ಆ ಗೆರೆ ಯಾವುದು, ಅದನ್ನು ದಾಟಿದರೆ ಕರ್ಮಬಂಧ ಯಾರಿಗೆ ಎಂಬುದೇ ಈ ಪಾಠದ ವಿಷಯ.

ಹಿಂಸೆಯ ಲಕ್ಷಣ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಮಾತ್ರ ಹೇಳದೆ, ಅದಕ್ಕೆ ಪ್ರಮಾದಯೋಗವೆಂಬ ಕಾರಣವನ್ನು ಜೋಡಿಸಿದ್ದಾರೆ. ಕಷಾಯಕ್ಕೆ ವಶವಾದ, ಎಚ್ಚರವಿಲ್ಲದ ಮನೋವಚನಕಾಯಗಳಿಂದ ಪರಪ್ರಾಣಕ್ಕೆ ಘಾತವಾಗುವುದೇ ಹಿಂಸೆ. ಆದ್ದರಿಂದ ಈರ್ಯಾಸಮಿತಿಯಿಂದ ನೋಡಿ ನಡೆಯುವ ಮುನಿಯ ಪಾದದಡಿಯಲ್ಲಿ ಅಕಸ್ಮಾತ್ತಾಗಿ ಕ್ಷುದ್ರಜೀವಿಯೊಂದು ಸತ್ತರೂ ಅವರಿಗೆ ಹಿಂಸಾದೋಷವಿಲ್ಲ. ಎಚ್ಚರವಿಲ್ಲದೆ ನಡೆಯುವವನ ಕಾಲಡಿಯಲ್ಲಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ.

ಸೋಮದೇವಸೂರಿಗಳು ಕೊಡುವ ಉದಾಹರಣೆ ರೈತರ ಮನೆಯವರಿಗೆ ಸುಲಭವಾಗಿ ತಿಳಿಯುವಂಥದು. ನೇಗಿಲು ಹೂಡಿದ ಒಕ್ಕಲಿಗನಿಂದ ಅನೇಕ ಜೀವಿಗಳು ಸಾಯುತ್ತವೆ. ಆದರೂ ಅವನ ಮನಸ್ಸು ಧಾನ್ಯದಲ್ಲಿದೆ, ಕೊಲ್ಲುವುದರಲ್ಲಿಲ್ಲ. ಬಲೆ ಹಿಡಿದು ದಡದಲ್ಲಿ ಕುಳಿತವನಿಗೆ ದಿನವೆಲ್ಲ ಒಂದು ಮೀನೂ ದೊರೆಯದಿರಬಹುದು. ಆದರೆ ಅವನ ಸಂಕಲ್ಪವೆಲ್ಲ ವಧೆಯಲ್ಲಿದೆ. ಬಂಧದ ತಾರತಮ್ಯ ಈ ಸಂಕಲ್ಪದಲ್ಲಿರುತ್ತದೆ, ಸತ್ತ ಜೀವಿಗಳ ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ.

ನಾಲ್ಕು ವಿಧದ ಹಿಂಸೆ

ಗೃಹಸ್ಥನ ಮಟ್ಟಿಗೆ ಹಿಂಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸುವುದು ರೂಢಿ.

1. ಆರಂಭೀ ಹಿಂಸೆ: ಅಡುಗೆ, ಕಸಗುಡಿಸುವಿಕೆ, ಮನೆ ಕಟ್ಟುವಿಕೆ ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು.
2. ಉದ್ಯೋಗೀ ಹಿಂಸೆ: ಒಕ್ಕಲುತನ, ವ್ಯಾಪಾರ ಮೊದಲಾದ ಜೀವನೋಪಾಯಗಳಲ್ಲಿ ಆಗುವುದು.
3. ವಿರೋಧೀ ಹಿಂಸೆ: ತನ್ನ, ತನ್ನವರ, ಧರ್ಮಾಯತನದ, ದೇಶದ ರಕ್ಷಣೆಗಾಗಿ ಆಕ್ರಮಣಕಾರನನ್ನು ಎದುರಿಸುವಾಗ ಆಗುವುದು.
4. ಸಂಕಲ್ಪೀ ಹಿಂಸೆ: ಕೊಲ್ಲಬೇಕೆಂಬ ಭಾವದಿಂದಲೇ ನಿರಪರಾಧಿ ಜೀವಿಯನ್ನು ಕೊಲ್ಲುವುದು.

ಮೊದಲ ಮೂರನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಯತ್ನಾಚಾರದಿಂದ ಕಡಿಮೆ ಮಾಡಬಹುದು. ನಾಲ್ಕನೆಯದನ್ನು ತ್ರಸಜೀವಿಗಳ ವಿಷಯದಲ್ಲಿ ಸಂಪೂರ್ಣವಾಗಿ ತ್ಯಜಿಸಿದವನೇ ಅಣುವ್ರತಿ. ಈ ಕಾರಣದಿಂದಲೇ ಜೈನ ಗೃಹಸ್ಥರು ಸೇನಾನಾಯಕರಾಗಿದ್ದುದು ಕರ್ನಾಟಕದ ಇತಿಹಾಸದಲ್ಲಿ ವಿರುದ್ಧವೆನಿಸಲಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಅಲ್ಲಿಯ ಶಾಸನಗಳು ಕೊಂಡಾಡುವ ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ.

ಆದರೆ ವಿರೋಧೀ ಹಿಂಸೆಗೆ ಅವಕಾಶವುಂಟೆಂದರೆ ಯುದ್ಧದಲ್ಲಿ ಎಲ್ಲಕ್ಕೂ ಅವಕಾಶವುಂಟೆಂದು ಅರ್ಥವಲ್ಲ. ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಯಶಸ್ತಿಲಕ ಚಂಪುವನ್ನು ಮುಗಿಸಿದ ಸೋಮದೇವಸೂರಿಗಳು ಅರಸರಿಗೇ ಮಿತಿಯನ್ನು ಹಾಕಿದ್ದಾರೆ. ರಣದಲ್ಲಿ ಆಯುಧ ಹಿಡಿದು ಎದುರಾದವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಶಸ್ತ್ರ ಪ್ರಯೋಗವಾಗಬಹುದು. ದೀನರ ಮೇಲೆ, ಅಸಹಾಯಕರ ಮೇಲೆ, ಕೇಡೆಣಿಸದವರ ಮೇಲೆ ಆಗಕೂಡದೆಂಬುದು ಅವರ ಅಭಿಪ್ರಾಯದ ಸಾರ. ಶಸ್ತ್ರ ಹಿಡಿದವನು, ಹಿಡಿಯದವನು ಎಂಬ ಭೇದವೇ ಆ ಗೆರೆ. ಗೆರೆಯ ಈಚೆ ವಿರೋಧೀ ಹಿಂಸೆ. ದಾಟಿದೊಡನೆ ಅದು ಸಂಕಲ್ಪೀ ಹಿಂಸೆ. ಕೊಂದವನು ಸಮವಸ್ತ್ರ ಧರಿಸಿದ್ದನೆಂಬುದರಿಂದ ಹಿಂಸೆಯ ಜಾತಿ ಬದಲಾಗುವುದಿಲ್ಲ.

ಇದೇ ಯಶಸ್ತಿಲಕದ ಕಥಾವಸ್ತು ಯಶೋಧರನ ವೃತ್ತಾಂತ. ಕನ್ನಡದಲ್ಲಿ ಜನ್ನನ ಕಾವ್ಯದಿಂದ ಅದು ಮನೆಮಾತಾಗಿದೆ. ಹಿಟ್ಟಿನ ಕೋಳಿಯೊಂದನ್ನು ಬಲಿಯ ಸಂಕಲ್ಪದಿಂದ ಕಡಿದುದಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಯಲ್ಲಿ ತೊಳಲಿದರು. ಜೀವವಿಲ್ಲದ ಹಿಟ್ಟಿನ ವಿಷಯದಲ್ಲಿಯೇ ಸಂಕಲ್ಪಕ್ಕೆ ಇಷ್ಟು ಫಲವಿದ್ದರೆ, ತೊಟ್ಟಿಲ ಮಗು ಇರುವ ಮನೆಗೆ ತಿಳಿದೂ ತಿಳಿದೂ ಬೆಂಕಿಯಿಡುವ ಸಂಕಲ್ಪದ ಫಲವನ್ನು ಊಹಿಸಬಹುದು.

ಭರತ ಬಾಹುಬಲಿಗಳ ಯುದ್ಧ

ಆದಿಪುರಾಣದ ಒಂದು ಪ್ರಸಂಗವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಭರತಚಕ್ರಿಯ ಸೇನೆಯೂ ಪೌದನಪುರದ ಬಾಹುಬಲಿಯ ಸೇನೆಯೂ ಇದಿರುಬದಿರಾಗಿ ನಿಂತಾಗ ಎರಡೂ ಪಕ್ಷದ ಮಂತ್ರಿಗಳು ವಿಚಾರ ಮಾಡಿದರು. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು; ಯುದ್ಧದಲ್ಲಿ ಅವರಿಗೆ ಮರಣವಿಲ್ಲ. ಸಾಯುವವರು ವೈರವೇನೆಂಬುದನ್ನೂ ಅರಿಯದ ಜನ. ಆದ್ದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರರಿಂದಲೇ ಜಯಾಪಜಯ ನಿರ್ಣಯವಾಗಲೆಂದು ಗೊತ್ತುಮಾಡಿದರು. ಮೂರರಲ್ಲಿಯೂ ಸೋತ ಭರತನು ನಿಯಮ ಮೀರಿ ಚಕ್ರವನ್ನು ಪ್ರಯೋಗಿಸಿದಾಗ ಅದು ಬಾಹುಬಲಿಯನ್ನು ಬಲಗೊಂಡು ನಿಂತಿತು. ಗೆದ್ದವನು ರಾಜ್ಯವನ್ನೇ ತ್ಯಜಿಸಿ ತಪಸ್ಸಿಗೆ ಹೋದನು. ಬೆಳಗೊಳದ ಮೂರ್ತಿಯ ಮುಂದೆ ಕೈಮುಗಿಯುವವರು ಅವನ ವೈರಾಗ್ಯವನ್ನು ನೆನೆಯುತ್ತಾರೆ. ಹಗೆಯ ಭಾರ ಹಗೆಯಿಲ್ಲದವರ ಮೇಲೆ ಬೀಳಬಾರದೆಂಬ ಆ ಮಂತ್ರಿಗಳ ವಿವೇಕವನ್ನೂ ಅಲ್ಲಿ ನೆನೆಯಬೇಕು.

ನಮ್ಮ ಸೀಮೆಯ ಇತಿಹಾಸ

ಕನ್ನೊಳ್ಳಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಗೆ ಈ ವಿಷಯ ದೂರದ್ದಲ್ಲ. 1565ರ ಮಹಾಯುದ್ಧವು ರಕ್ಕಸಗಿ ತಂಗಡಗಿಗಳ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ತಂಗಡಗಿ ಮುದ್ದೇಬಿಹಾಳದ ಕಡೆಯ ಊರು. ಕಾಳಗ ಒಂದು ದಿನದಲ್ಲಿ ಮುಗಿಯಿತು. ಕಾಯುವವರಿಲ್ಲದ ವಿಜಯನಗರ ಪಟ್ಟಣದ ಲೂಟಿ ತಿಂಗಳುಗಟ್ಟಲೆ ನಡೆಯಿತು. ರಣರಂಗದಲ್ಲಿ ಸತ್ತವನು ಸೈನಿಕ. ಪಟ್ಟಣದ ಬೀದಿಯಲ್ಲಿ ಸತ್ತವನು ಗೃಹಸ್ಥ.

ಹಲಗಲಿಯ ಕಥೆ ಇನ್ನೂ ಹತ್ತಿರದ್ದು. ಅಂದಿನ ಮುಧೋಳ ಸಂಸ್ಥಾನದ ಈ ಹಳ್ಳಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1857ರಲ್ಲಿ ಕಂಪನಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಮಾಡಿತು. ಬೇಟೆಯಿಂದಲೂ ಕಾವಲಿನಿಂದಲೂ ಬದುಕುತ್ತಿದ್ದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಕಾದಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸುಮಾರು ನೂರು ಜನ ಸತ್ತರು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಇಂಗ್ಲಿಷ್ ಅಧಿಕಾರಿ ಫ್ಲೀಟರು ಸಂಗ್ರಹಿಸಿದ ಲಾವಣಿಯಿಂದ ಈ ವೃತ್ತಾಂತ ಇಂದಿಗೂ ಉಳಿದಿದೆ. ಆ ಲಾವಣಿಕಾರನು ವೀರರ ಹೆಸರುಗಳೊಡನೆ, ದಂಡಿನವರು ಮನೆಮನೆಯಿಂದ ಹೊತ್ತೊಯ್ದ ಅಡುಗೆಮನೆಯ ಪದಾರ್ಥಗಳನ್ನೂ ಪಾತ್ರೆಗಳನ್ನೂ ಒಂದೊಂದಾಗಿ ಎಣಿಸಿದ್ದಾನೆ. ಆ ಪಟ್ಟಿಯಲ್ಲಿ ಇರುವುದು ಹೆಂಗಸರ, ಮಕ್ಕಳ, ಮುದುಕರ ಸಂಸಾರ.

ಇದನ್ನು ವ್ರತದೃಷ್ಟಿಯಿಂದ ವಿವೇಚಿಸೋಣ. ಆಯುಧ ಹಿಡಿದು ಬಾಗಿಲಲ್ಲಿ ನಿಂತ ಬೇಡನಿಗೂ ದಂಡಿನ ಸಿಪಾಯಿಗೂ ನಡೆದದ್ದು ಕಾಳಗ. ಯಾವ ಪಕ್ಷದ್ದು ನ್ಯಾಯವೆಂಬುದು ಬೇರೆ ವಿಚಾರ. ಆದರೆ ಊರಿಗೆ ಬೆಂಕಿಯಿಟ್ಟಾಗ ಅದು ಆಯುಧವಿದ್ದವನನ್ನೂ ಇಲ್ಲದವನನ್ನೂ ಆರಿಸುವುದಿಲ್ಲ. ಕೊಟ್ಟಿಗೆಯ ದನವೂ ಅದಕ್ಕೆ ಒಂದೇ, ಕೋಣೆಯ ಬಾಣಂತಿಯೂ ಒಂದೇ. ಆರಿಸಲಾರದ ಆಯುಧವನ್ನು ಅದರ ಫಲ ತಿಳಿದೇ ಪ್ರಯೋಗಿಸುವುದು ಪ್ರಮಾದಯೋಗ. ಆಕಾಶದಿಂದ ಬೀಳುವ ಇಂದಿನ ಬಾಂಬಿಗೂ ಈ ಮಾತು ಅನ್ವಯಿಸುತ್ತದೆ. ಗುರಿ ಸೈನ್ಯದ ನೆಲೆಯಾಗಿತ್ತು, ಜನ ಸತ್ತದ್ದು ಆಕಸ್ಮಿಕ ಎನ್ನುವವನು, ನೋಡಿ ನಡೆಯುವ ಎಚ್ಚರವನ್ನು ತಾನು ಪಾಲಿಸಿದ್ದನೇ ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.

1948ರ ವಿಚಾರ

ಪರರು ಮಾಡಿದ ಹಿಂಸೆಯನ್ನು ಖಂಡಿಸುವುದು ಸುಲಭ. ನಮ್ಮವರೆನಿಸಿಕೊಂಡವರು ಮಾಡಿದಾಗಲೇ ವ್ರತಕ್ಕೆ ಪರೀಕ್ಷೆ. 1948ರಲ್ಲಿ ಸಿಂದಗಿ ತಾಲೂಕು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಅದರ ಪೂರ್ವಕ್ಕೆ ನಿಜಾಮರ ಗುಲ್ಬರ್ಗಾ ಜಿಲ್ಲೆ. ಆ ಕಡೆಯ ಹಳ್ಳಿಗಳಲ್ಲಿ ರಜಾಕಾರರ ಕ್ರೌರ್ಯ ಮಿತಿಮೀರಿತ್ತು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಅದೇ ವರ್ಷ ಅವರು ನಡೆಸಿದ ಕಗ್ಗೊಲೆ ಜನರ ನೆನಪಿನಿಂದ ಅಳಿದಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಜನ ಸುಖದ ಉಸಿರು ಬಿಟ್ಟರು.

ಆದರೆ ಆ ದಿನಗಳಲ್ಲಿಯೂ ಅನಂತರವೂ ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಸೇಡಿನ ಕೊಲೆಗಳು ನಡೆದವು. ಸತ್ಯಸ್ಥಿತಿಯನ್ನು ತಿಳಿಯಲು ಕೇಂದ್ರ ಸರಕಾರವು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳಿಸಿತು. ಸಂಸ್ಥಾನದಲ್ಲೆಲ್ಲ ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಸಮಿತಿ ಅಂದಾಜು ಮಾಡಿತು. ಈ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಬಹುಪಾಲು ಕೃತ್ಯ ಸ್ಥಳೀಯ ಗುಂಪುಗಳದು. ಆದರೆ ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ, ಕೊಲೆಗೆ ಪ್ರೋತ್ಸಾಹವಿತ್ತರು, ತಾವೂ ಪಾಲುಗೊಂಡರು ಎಂದು ಸಮಿತಿ ದಾಖಲಿಸಿತು. ಸೇನಾಧಿಪತಿ ಜನರಲ್ ಚೌಧರಿಯವರ ನಿಷ್ಪಕ್ಷಪಾತವನ್ನು ಅದೇ ಸಮಿತಿ ಮೆಚ್ಚಿತು. ಪ್ರಾಣದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಉಳಿಸಿದ ಹಿಂದೂಗಳನ್ನೂ ಅದು ಸ್ಮರಿಸಿತು. ಈ ವರದಿ ದಶಕಗಳವರೆಗೆ ಪ್ರಕಟವಾಗದೆ ಉಳಿದು, 2013ರ ಸುಮಾರಿಗೆ ಸಾರ್ವಜನಿಕ ಚರ್ಚೆಗೆ ಬಂತು.

ಚರ್ಚೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದು: ರಜಾಕಾರರು ಮಾಡಿದ್ದಕ್ಕೆ ಇದು ತಕ್ಕ ಶಾಸ್ತಿ. ಶ್ರಾವಕನು ಇಲ್ಲಿ ನಿಂತು ಕೇಳಬೇಕಾದ ಪ್ರಶ್ನೆ, ಸತ್ತವನು ರಜಾಕಾರನೇ ಎಂಬುದು. ಆಯುಧ ಹಿಡಿದ ರಜಾಕಾರನನ್ನು ಎದುರಿಸಿದ್ದು ವಿರೋಧೀ ಹಿಂಸೆಯ ಮಿತಿಯಲ್ಲಿ ಬರುತ್ತದೆ. ಅವನ ಮತಕ್ಕೆ ಸೇರಿದವನೆಂಬ ಒಂದೇ ಕಾರಣದಿಂದ ನೇಕಾರನನ್ನೋ ಕೂಲಿಯವನನ್ನೋ ಕೊಂದದ್ದು ಶುದ್ಧ ಸಂಕಲ್ಪೀ ಹಿಂಸೆ. ಗೋರಟಾದಲ್ಲಿ ಸತ್ತವರ ಪ್ರಾಣಕ್ಕೆ ಅದರಿಂದ ಬೆಲೆ ಸಿಗಲಿಲ್ಲ. ಕ್ರೋಧಕಷಾಯಕ್ಕೆ ಇನ್ನೊಂದು ಆಹಾರ ಸಿಕ್ಕಿತು. ಕರ್ಮಪುದ್ಗಲವು ಬಂಧವಾಗುವಾಗ ಕೊಂದವನ ಪಕ್ಷವನ್ನು ವಿಚಾರಿಸುವುದಿಲ್ಲ.

ಆಜ್ಞೆಯೆಂಬ ನೆಪ

ಆಜ್ಞಾಧಾರಕನಾದ ಸೈನಿಕನಿಗೆ ದೋಷವೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ರತ್ನಕರಂಡ ಶ್ರಾವಕಾಚಾರದಲ್ಲಿಯೇ ಉತ್ತರವಿದೆ. ಅಹಿಂಸಾಣುವ್ರತಕ್ಕೆ ದೃಷ್ಟಾಂತ ಕೊಡಬೇಕಾದಾಗ ಸಮಂತಭದ್ರಾಚಾರ್ಯರು ಅರಸನನ್ನಾಗಲಿ ಶ್ರೇಷ್ಠಿಯನ್ನಾಗಲಿ ಆರಿಸದೆ, ಮರಣದಂಡನೆಯನ್ನು ನೆರವೇರಿಸುವುದೇ ವೃತ್ತಿಯಾಗಿದ್ದ ಮಾತಂಗನನ್ನು ಆರಿಸಿದರು. ಪ್ರಭಾಚಂದ್ರರ ಟೀಕೆಯಲ್ಲಿ ಅವನ ಕಥೆಯಿದೆ. ಅವನ ಹೆಸರು ಯಮಪಾಲ. ಹಾವು ಕಚ್ಚಿ ಸತ್ತನೆಂದು ಸ್ಮಶಾನದಲ್ಲಿ ಎಸೆಯಲ್ಪಟ್ಟು, ಋದ್ಧಿಧಾರಿ ಮುನಿಯೊಬ್ಬರ ಮೈಗಾಳಿ ಸೋಕಿ ಬದುಕಿದವನು, ಚತುರ್ದಶಿಯಂದು ಕೊಲ್ಲುವುದಿಲ್ಲವೆಂದು ಅವರಲ್ಲಿ ವ್ರತ ಹಿಡಿದನು. ಮುಂದೆ ಅಷ್ಟಾಹ್ನಿಕ ಪರ್ವದಲ್ಲಿ ಅರಸನು ಜೀವವಧೆಯನ್ನು ನಿಷೇಧಿಸಿದ್ದಾಗ ರಾಜಕುಮಾರನೇ ಟಗರನ್ನು ಕೊಂದು ತಿಂದನು. ಅವನ ವಧೆಗೆ ಆಜ್ಞೆಯಾಯಿತು, ಅಂದು ಚತುರ್ದಶಿ. ರಾಜಭಟರು ಬಂದಾಗ ಯಮಪಾಲನು ಮನೆಯ ಮೂಲೆಯಲ್ಲಿ ಅಡಗಿ, ಊರಲ್ಲಿಲ್ಲವೆಂದು ಹೇಳಲು ಹೆಂಡತಿಗೆ ತಿಳಿಸಿದನು. ರಾಜಕುಮಾರನ ಮೈಮೇಲಿನ ಒಡವೆಗಳು ಸಿಗುತ್ತಿದ್ದವೆಂಬ ಭಟರ ಮಾತು ಕೇಳಿ, ಅವಳು ಬಾಯಲ್ಲಿ ಇಲ್ಲವೆನ್ನುತ್ತ ಕೈಯಿಂದ ಮೂಲೆಯನ್ನು ತೋರಿಸಿದಳು. ಅರಸನೆದುರಿಗೂ ಅವನು ವ್ರತ ಬಿಡಲಿಲ್ಲ. ಸಿಟ್ಟಾದ ಅರಸನು ಅವನನ್ನೂ ಕುಮಾರನನ್ನೂ ಕಟ್ಟಿಸಿ ಸರೋವರಕ್ಕೆ ಎಸೆಸಿದನು. ವ್ರತಮಹಾತ್ಮ್ಯದಿಂದ ದೇವತೆಗಳು ಯಮಪಾಲನನ್ನು ರಕ್ಷಿಸಿ ಪೂಜಿಸಿದರು.

ಆ ರಾಜಕುಮಾರನು ಅಪರಾಧಿ, ಆಜ್ಞೆಯಿತ್ತವನು ಅರಸ, ಕೊಲ್ಲುವುದು ಯಮಪಾಲನ ವೃತ್ತಿಧರ್ಮ. ಅಷ್ಟಾದರೂ ಒಂದು ದಿನದ ವ್ರತಕ್ಕಾಗಿ ಅವನು ಪ್ರಾಣವನ್ನೊಡ್ಡಿದನು. ಹಾಗಿರುವಾಗ ನಿರಪರಾಧಿಯನ್ನು ಕೊಲ್ಲುವ ಆಜ್ಞೆ ಯಾರಿಗೆ ತಾನೇ ನೆಪವಾದೀತು?

ಲೋಕದ ಕಾನೂನು ಈ ನಿಲುವಿಗೆ ತಡವಾಗಿ ಬಂದಿದೆ. 1949ರ ನಾಲ್ಕನೆಯ ಜಿನೀವಾ ಒಪ್ಪಂದವು ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆಯನ್ನು ವಿಧಿಸುತ್ತದೆ. ಭಾರತವು ಅದನ್ನು ಒಪ್ಪಿ 1960ರಲ್ಲಿ ಕಾಯಿದೆಯನ್ನೂ ಮಾಡಿದೆ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯಿ ಗ್ರಾಮದಲ್ಲಿ ಅಮೆರಿಕದ ಸೈನಿಕರು ಮುನ್ನೂರಕ್ಕೂ ಹೆಚ್ಚು ಹಳ್ಳಿಗರನ್ನು ಕೊಂದರು. ಅಧಿಕಾರಿ ಕ್ಯಾಲಿ ಎಂಬವನು ಆಜ್ಞೆ ಪಾಲಿಸಿದೆನೆಂದು ವಾದಿಸಿದರೂ 1971ರಲ್ಲಿ ಸೇನಾ ನ್ಯಾಯಾಲಯ ಅವನನ್ನು ದೋಷಿಯೆಂದಿತು. ಆದರೆ ಆ ದೇಶದ ಬಹುಜನ ಅವನ ಪರವಾಗಿ ನಿಂತರು. ಶಿಕ್ಷೆ ಇಳಿಯುತ್ತ ಹೋಗಿ ಕೆಲವೇ ವರ್ಷಗಳಲ್ಲಿ ಅವನು ಬಿಡುಗಡೆಯಾದನು. ಅದೇ ದಿನ ಅದೇ ಗ್ರಾಮದಲ್ಲಿ ಹ್ಯೂ ಥಾಂಪ್ಸನ್ ಎಂಬ ವಿಮಾನಚಾಲಕನು ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರನ್ನು ಉಳಿಸಿದನು. ಅವನಿಗೆ ಪದಕ ದೊರೆತದ್ದು 1998ರಲ್ಲಿ, ಮೂವತ್ತು ವರ್ಷಗಳ ಮೇಲೆ. ಅವನೂ ಸೈನಿಕನೇ, ಗೆರೆ ಎಲ್ಲಿದೆಯೆಂಬುದನ್ನು ಕಂಡ ಸೈನಿಕ.

ಮೆಚ್ಚಿದವನ ಪಾಲು

ಜಪಮಾಲೆಯಲ್ಲಿ 108 ಮಣಿಗಳೇಕೆ ಎಂದು ಮಕ್ಕಳು ಕೇಳಿದಾಗ ಹಿರಿಯರು ಈ ಲೆಕ್ಕ ಹೇಳುತ್ತಾರೆ. ಸಂರಂಭ, ಸಮಾರಂಭ, ಆರಂಭಗಳೆಂದು ಮೂರು. ಮನ, ವಚನ, ಕಾಯಗಳೆಂದು ಮೂರು. ಕೃತ, ಕಾರಿತ, ಅನುಮೋದನಗಳೆಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು. ಗುಣಿಸಿದರೆ 108. ಪಾಪಾಸ್ರವದ ಬಾಗಿಲುಗಳು ಇಷ್ಟು. ಯುದ್ಧಕ್ಕೆ ಇದನ್ನು ಹೊಂದಿಸಿ ನೋಡಿದರೆ, ಕೊಲ್ಲುವ ಯೋಚನೆ ಸಂರಂಭ, ಸಾಧನ ಸಂಗ್ರಹ ಸಮಾರಂಭ, ತೊಡಗುವುದು ಆರಂಭ. ಗುಂಡು ಹಾರಿಸಿದವನದು ಕೃತ, ಆಜ್ಞೆಯಿತ್ತವನದು ಕಾರಿತ, ವಾರ್ತೆ ಕೇಳಿ ತಕ್ಕದ್ದಾಯಿತೆಂದವನದು ಅನುಮೋದನ. ಯಮಪಾಲನ ಹೆಂಡತಿ ಖಡ್ಗ ಮುಟ್ಟಲಿಲ್ಲ. ಲೋಭದಿಂದ ಕೈ ತೋರಿಸಿದಳು, ಅಷ್ಟೇ.

ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಅನೇಕರು ಭಾಗಿಗಳಾಗಬಹುದು, ಅನೇಕರು ಮಾಡಿದ್ದರ ಫಲ ಮಾಡಿಸಿದ ಒಬ್ಬನ ಮೇಲೆ ಬೀಳಬಹುದು ಎಂಬುದನ್ನು ಅಮೃತಚಂದ್ರಸೂರಿಗಳು ತೋರಿಸಿದ್ದಾರೆ. ಆದ್ದರಿಂದ ಇಂಥ ಚರ್ಚೆಯಲ್ಲಿ ಶ್ರೋತೃವೂ ತಟಸ್ಥನಲ್ಲ. ಕನ್ನೊಳ್ಳಿಯ ಜಗುಲಿಯಲ್ಲಿ ಕುಳಿತವನಿಗೆ ದೂರದೇಶದ ಸೈನಿಕನ ಕೃತವೂ ಇಲ್ಲ, ಕಾರಿತವೂ ಇಲ್ಲ. ಅನುಮೋದನ ಮಾತ್ರ ಪೂರ್ತಿಯಾಗಿ ಅವನ ಸ್ವಾಧೀನದಲ್ಲಿದೆ.

ವ್ರತಧಾರಿಯ ಆಚರಣೆ

ಅನರ್ಥದಂಡವಿರತಿ ಎಂಬ ಗುಣವ್ರತದಲ್ಲಿ ಐದು ವರ್ಜ್ಯಗಳಿವೆ. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಸಲ್ಲುತ್ತವೆ. ರಾಗದ್ವೇಷಗಳಿಂದ ಪರರ ವಧಬಂಧನಗಳನ್ನು ಬಯಸುತ್ತ ಕುಳಿತುಕೊಳ್ಳುವುದು ಅಪಧ್ಯಾನ. ಮನಸ್ಸನ್ನು ಕಲುಷಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಮನೆಯ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವುನೀರು ಕೊಡದಿರುವುದೇ ಅತಿಚಾರವಾದರೆ, ಮುತ್ತಿಗೆ ಹಾಕಿ ಒಂದು ಪಟ್ಟಣದ ಮಕ್ಕಳಿಗೆ ಅನ್ನನೀರು ತಡೆಯುವುದನ್ನು ಯುದ್ಧನೀತಿಯೆಂದು ಹೊಗಳುವವನು ವ್ರತದ ಮೊದಲ ಅಕ್ಷರವನ್ನೂ ಓದಿಲ್ಲವೆನ್ನಬೇಕು. ಸ್ವೇಚ್ಛೆಯಿಂದ ಬಿಟ್ಟ ಅನ್ನ ಉಪವಾಸ. ಬಲಾತ್ಕಾರದಿಂದ ಬಿಡಿಸಿದ ಅನ್ನ ಹಿಂಸೆ.

ಆದ್ದರಿಂದ ಪ್ರೋಷಧೋಪವಾಸದ ದಿನ ವ್ರತಧಾರಿಗಳು ಈ ನಿಯಮಗಳನ್ನು ಕೈಕೊಳ್ಳಬಹುದು:

1. ಯುದ್ಧವಾರ್ತೆಯನ್ನು ಕುತೂಹಲಕ್ಕಾಗಿ ಕೇಳದಿರುವುದು. ರೇಡಿಯೋ, ದೂರದರ್ಶನ, ಮೊಬೈಲುಗಳನ್ನು ಆ ದಿನ ಮಿತಿಗೊಳಿಸುವುದು.
2. ನಿರಾಯುಧರ ಮರಣವನ್ನು, ಅವರು ಯಾವ ದೇಶದವರಾದರೂ ಯಾವ ಮತದವರಾದರೂ, ಬಾಯಿಂದಾಗಲಿ ಮನಸ್ಸಿನಿಂದಾಗಲಿ ಅನುಮೋದಿಸದಿರುವುದು. ಹಿಂದೆ ಅನುಮೋದಿಸಿದ್ದರೆ ಪ್ರತಿಕ್ರಮಣದಲ್ಲಿ ಆಲೋಚನೆ ಮಾಡುವುದು.
3. ಸೈನ್ಯದಲ್ಲಿರುವ ಮಗನಿಗೋ ಬಂಧುವಿಗೋ ಪತ್ರ ಬರೆಯುವಾಗ ಶೌರ್ಯದೊಡನೆ ಮಿತಿಯನ್ನೂ ಹಾರೈಸುವುದು.
4. ಪಾರಣೆಯ ದಿನ ಆಹಾರ, ಔಷಧ, ಅಭಯ ದಾನಗಳಲ್ಲಿ ಶಕ್ತ್ಯನುಸಾರ ಒಂದನ್ನು ನೊಂದವರಿಗಾಗಿ ಮೀಸಲಿಡುವುದು.

ದೇಶದ ರಕ್ಷಣೆಗಾಗಿ ನಿಂತ ಸೈನಿಕನನ್ನು ಶ್ರಾವಕನು ಗೌರವಿಸಬೇಕು. ಅವನು ಗೆರೆ ದಾಟಿದರೆ ದಾಟಿದನೆಂದು ಹೇಳುವುದೂ ಆ ಗೌರವದ ಭಾಗವೇ. ದೋಷವನ್ನು ಮುಚ್ಚಿ ಹೊಗಳುವುದರಿಂದ ಅವನ ಬಂಧ ಸಡಿಲವಾಗುವುದಿಲ್ಲ, ಹೊಗಳಿದವನಿಗೂ ಬಂಧವಾಗುತ್ತದೆ.

ಮನನಕ್ಕಾಗಿ ಪ್ರಶ್ನೆಗಳು

1. ವಿರೋಧೀ ಹಿಂಸೆ ಯಾವ ಸಂದರ್ಭದಲ್ಲಿ ಸಂಕಲ್ಪೀ ಹಿಂಸೆಯಾಗುತ್ತದೆ? ಹಲಗಲಿಯ ವೃತ್ತಾಂತದಿಂದ ವಿವರಿಸಿರಿ.
2. ಭರತ ಬಾಹುಬಲಿಗಳ ಮಂತ್ರಿಗಳು ಮೂರು ಯುದ್ಧಗಳನ್ನು ಗೊತ್ತುಮಾಡಲು ಕಾರಣವೇನು?
3. ಅಹಿಂಸಾಣುವ್ರತಕ್ಕೆ ಯಮಪಾಲನನ್ನೇ ದೃಷ್ಟಾಂತವಾಗಿ ಆರಿಸಿದ್ದರ ಔಚಿತ್ಯವೇನು?
4. 108 ಭೇದಗಳಲ್ಲಿ ಮನೆಯಲ್ಲಿರುವ ಗೃಹಸ್ಥನಿಗೆ ಯುದ್ಧವಾರ್ತೆಯಿಂದ ಸಂಭವಿಸಬಹುದಾದವು ಯಾವುವು?
5. ಉಪವಾಸಕ್ಕೂ ಅನ್ನಪಾನನಿರೋಧಕ್ಕೂ ಇರುವ ಭೇದವನ್ನು ಮಕ್ಕಳಿಗೆ ಹೇಗೆ ತಿಳಿಸುವಿರಿ?